ಇಪ್ಪತ್ತೇಳನೇ ನಂಬರಿನ ಹವಳ

ರಾಜಾಜಿನಗರ ನಾಲ್ಕನೇ ಬ್ಲಾಕ್, ಬೆಂಗಳೂರು
20 ಜನವರಿ 1985

ಶಂಭು,

ನಾನೂ ನಿಮ್ಮಣ್ಣನೂ ಚೆನ್ನಾಗಿದೀವಿ. ನೀನು ಹೇಗಿದೀಯ ಅಂತ ಕೇಳೋದಿಲ್ಲ. ಕೇಳಿದರೆ ‘ಚೆನ್ನಾಗಿದೀನಿ ಅತ್ತಿಗೆ’ ಅಂತ ಒಂದು ಸಾಲು ಗೀಚಿ ಮುಗಿಸ್ತೀಯ. ಏನು ತಿಂದೆ, ಎಲ್ಲಿ ಮಲಗ್ತೀಯ, ತಲೆಗೆ ಎಣ್ಣೆ ಹಾಕ್ಕೋತೀಯೋ ಇಲ್ಲವೋ, ಅದನ್ನ ಬರಿ.

ಎಳ್ಳುಬೆಲ್ಲದ ಪಾರ್ಸೆಲ್ ಕಳಿಸಿದೀನಿ. ಇರುವೆ ಮುತ್ತೋಕೆ ಮುಂಚೆ ಖಾಲಿ ಮಾಡು. ಅಲ್ಲಿ ಮಂಡಪಂನಲ್ಲಿ ಎಲ್ಲರೂ ಮೀನು ತಿನ್ನೋರು, ನಿನಗೆ ಹುಳಿ ಅನ್ನ ಯಾರು ಮಾಡ್ತಾರೋ ಏನೋ. ಪಕ್ಕದ ಮನೆ ಪಾಪಮ್ಮ ಕೇಳಿದರು, ‘ನಿಮ್ಮ ಮೈದುನ ಸಮುದ್ರದೊಳಗೆ ಇಳಿದು ಏನ್ ಮಾಡ್ತಾನಮ್ಮ?’ ಅಂತ. ‘ಹವಳ ನೋಡ್ಕೋತಾನೆ’ ಅಂದೆ. ತಕ್ಷಣ ಮಗಳ ಕುಜದೋಷಕ್ಕೆ ಒಂದು ಕೆಂಪು ಹವಳ ತರಿಸಿಕೊಡಿ ಅಂದ್ರು. ಹೂಂ ಅಂದಿದೀನಿ.

ಒಂದು ಹೊಸ ಸುದ್ದಿ. ಮುಂದಿನ ರೂಮಿನ ಗೋಡೆ ಒಡೆಸಿ, ಷಟರ್ ಹಾಕಿಸಿ, ಮೀನಿನ ಅಂಗಡಿ ಇಟ್ಟಿದೀನಿ. ನಗಬೇಡ. ಮೀನು ಅಂದರೆ ಮೂಗು ಮುಚ್ಚೋ ಮನೇಲಿ ಮೀನಿನ ಅಂಗಡಿ! ತಿನ್ನೋ ಮೀನಲ್ಲ ಕಣೋ, ನೋಡೋ ಮೀನು. ಗಾಜು ಕತ್ತರಿಸೋ ಜಂಬಣ್ಣ ತೊಟ್ಟಿ ಮಾಡಿಕೊಡ್ತಾರೆ. ನಿಮ್ಮಣ್ಣ ಫ್ಯಾಕ್ಟರಿಗೆ ರಜೆ ಹಾಕಿದಾರೆ, ಗಿರಾಕಿ ಬಂದರೆ ಅವರೇ ಬಲೆ ಹಾಕಿ ಮೀನು ಹಿಡಿದುಕೊಡ್ತಾರೆ. ಅರ್ಧ ಮೀನು ನೆಲಕ್ಕೆ, ಅರ್ಧ ಕವರಿಗೆ.

ಈಗ ಕೆಲಸದ ಮಾತು. ಎಲ್ಲರೂ ತೊಟ್ಟಿಯೊಳಗೆ ಇಡೋಕೆ, ಶೋಕೇಸಲ್ಲಿ ಇಡೋಕೆ ಆ ಬಿಳೀ ಕಡಲಹೂ ಕೇಳ್ತಾರೆ. ಕೊಂಬೆಕೊಂಬೆ ಇರುತ್ತಲ್ಲ, ಕಲ್ಲಿನ ಥರ, ಅದು. ನೀನು ಅದರ ಮಧ್ಯೆನೇ ಓಡಾಡ್ತೀಯ. ಅತ್ತಿಗೆಗೆ ಅಂತ ಒಂದು ಮೂಟೆ ಆರಿಸಿ ಕಳಿಸು.

ನಿನ್ನ ಅತ್ತಿಗೆ
ಇಂದ್ರಮ್ಮ


ಮಂಡಪಂ
9 ಫೆಬ್ರವರಿ 1985

ಅತ್ತಿಗೆ,

ಎಳ್ಳುಬೆಲ್ಲ ಬಂತು. ಇರುವೆ ನನಗಿಂತ ಮುಂಚೆ ಬಂದಿತ್ತು. ಅದರ ಪಾಲು ಅದಕ್ಕೆ ಕೊಟ್ಟು ಉಳಿದದ್ದು ತಿಂದೆ. ಕಡಲ ಸಂಶೋಧನಾ ಕೇಂದ್ರದ ಕ್ವಾರ್ಟರ್ಸಿನಲ್ಲಿ ಮಲಗ್ತೀನಿ. ಊಟಕ್ಕೆ ರೈಲ್ವೆ ಸ್ಟೇಷನ್ ಪಕ್ಕ ಒಂದು ಸಸ್ಯಾಹಾರಿ ಹೋಟೆಲಿದೆ. ಎಣ್ಣೆ ಹಾಕ್ಕೋತೀನಿ. ಸಮುದ್ರ ಅದನ್ನ ತೊಳೆದುಬಿಡುತ್ತೆ, ಮತ್ತೆ ಹಾಕ್ಕೋತೀನಿ.

ಅಂಗಡಿ ಸುದ್ದಿ ಓದಿ ಜೋರಾಗಿ ನಕ್ಕೆ. ನಮ್ಮ ದೋಣಿ ನಡೆಸೋ ಮುನಿಯಾಂಡಿ ಯಾಕೆ ಅಂತ ಕೇಳ್ದ. ಹೇಳಿದೆ. ‘ನಿಮ್ಮೂರಲ್ಲಿ ಮೀನನ್ನ ದುಡ್ಡು ಕೊಟ್ಟು ತಗೊಂಡು, ತಿನ್ನದೆ, ಅನ್ನ ಹಾಕ್ತಾರಾ?’ ಅಂತ ಅವನಿಗೆ ದಿನವಿಡೀ ಆಶ್ಚರ್ಯ.

ನನ್ನ ಕೆಲಸ ಏನು ಅಂತ ಪಾಪಮ್ಮನವರು ಕೇಳಿದರಲ್ಲ, ಹೇಳ್ತೀನಿ. ಬೆನ್ನಿಗೆ ಗಾಳಿ ತುಂಬಿದ ಸಿಲಿಂಡರ್ ಕಟ್ಟಿಕೊಂಡು, ಮೂಗು ಕಣ್ಣು ಮುಚ್ಚೋ ಗಾಜು ಹಾಕಿಕೊಂಡು, ದ್ವೀಪದ ಪಕ್ಕದ ಹವಳದ ದಿಬ್ಬಕ್ಕೆ ಇಳೀತೀನಿ. ಕೆಳಗೆ ಒಂದೊಂದು ಹವಳಕ್ಕೂ ನಂಬರ್ ಬರೆದ ತಗಡಿನ ಬಿಲ್ಲೆ ತಂತಿಯಲ್ಲಿ ಕಟ್ಟಿದೀವಿ. ಎಷ್ಟು ಬೆಳೀತು, ಯಾವ ಮೀನು ಬಂತು ಅಂತ ಅಳೆದು ಬರ್ಕೋತೀನಿ. ಯಾವುದನ್ನೂ ಮುಟ್ಟೋ ಹಾಗಿಲ್ಲ. ಕಾಲು ತಾಗಿದರೂ ಮುಳುಗೋದು ಕಲಿಸೋ ನಮ್ಮ ಮೇಷ್ಟ್ರು ಮೇಲೆ ಬಂದಮೇಲೆ ಬೈತಾರೆ. ನೆಲ ಮುಟ್ಟದೆ, ಮೇಲೂ ಏಳದೆ, ಮಧ್ಯದಲ್ಲಿ ಉಸಿರಿನ ಲೆಕ್ಕದ ಮೇಲೆ ನಿಲ್ಲೋದು ಕಲಿಯೋಕೇ ನನಗೆ ತಿಂಗಳುಗಟ್ಟಲೆ ಹಿಡೀತು.

ಕಡಲಹೂ ಕಳಿಸೋದು ಕಷ್ಟ ಅತ್ತಿಗೆ, ಪಾರ್ಸೆಲಲ್ಲಿ ಪುಡಿಯಾಗುತ್ತೆ. ತೊಟ್ಟಿಗೆ ಹೊಳೆಕಲ್ಲು ಹಾಕಿ, ಚೆನ್ನಾಗಿ ಕಾಣುತ್ತೆ. ಕೆಂಪು ಹವಳ ಇಲ್ಲಿ ಸಿಗಲ್ಲ ಅಂತ ಪಾಪಮ್ಮನವರಿಗೆ ಹೇಳಿಬಿಡಿ.

ಅಣ್ಣ ಯಾವತ್ತೂ ರಜೆ ಹಾಕದವನು ಈಗ ಹಾಕಿದಾನೆ ಅಂದರೆ ನಿಮ್ಮ ಅಂಗಡಿ ಮೇಲೆ ಮೋಹ ಬಂದಿರಬೇಕು.

ನಿಮ್ಮ ಶಂಭು


ರಾಜಾಜಿನಗರ
26 ಮಾರ್ಚ್ 1985

ಶಂಭು,

ಯುಗಾದಿಗೆ ಬರ್ತೀಯ ಅಂತ ನಿನ್ನ ಪಾಲಿನ ಹೋಳಿಗೆ ತೆಗೆದಿಟ್ಟಿದ್ದೆ. ಕೊನೆಗೆ ನಿಮ್ಮಣ್ಣನೇ ತಿಂದ್ರು.

ಕಡಲಹೂ ಬಗ್ಗೆ ನೀನು ತಲೆ ಕೆಡಿಸ್ಕೋಬೇಡ. ಪುಡಿಯಾಗುತ್ತೆ ಅಂತ ಹೆದರಿದೆ ಅಲ್ವಾ? ಆ ಕಡೆಯಿಂದಲೇ ತರೋ ಒಬ್ಬ ಏಜೆಂಟ್ ಸಿಕ್ಕಿದ. ಹುಲ್ಲು ಸುತ್ತಿ ಎರಡು ಮೂಟೆ ತಂದಿಳಿಸ್ದ, ಒಂದು ಕೊಂಬೆಯೂ ಮುರಿದಿರಲಿಲ್ಲ. ನೋಡ್ತಾ ನೋಡ್ತಾ ಖಾಲಿ! ಭಾಷ್ಯಂ ಸರ್ಕಲ್ ಕಡೆಯಿಂದೆಲ್ಲ ಹುಡುಕ್ಕೊಂಡು ಬಂದ್ರು. ಇನ್ನೂ ಹೇಳಿದೀನಿ.

ಒಂದನ್ನ ಮಾತ್ರ ಮಾರಲಿಲ್ಲ. ಬೀಸಣಿಗೆ ಥರ ಅಗಲವಾಗಿದೆ. ಟೀವಿ ಮೇಲೆ, ಕುಚ್ಚು ಹಾಕಿದ ಬಟ್ಟೆ ಹಾಸಿ ಇಟ್ಟಿದೀನಿ. ಭಾನುವಾರ ಸಿನಿಮಾ ನೋಡೋಕೆ ಬಂದೋರಿಗೆಲ್ಲ ‘ಇದು ನಮ್ಮ ಶಂಭು ಇರೋ ಸಮುದ್ರದ್ದು’ ಅಂತೀನಿ. ದಿನಾ ಒರೆಸ್ತೀನಿ. ಒರೆಸುವಾಗ ನಿನ್ನ ತಲೆ ಸವರಿದ ಹಾಗಾಗುತ್ತೆ, ಹುಚ್ಚು ನನಗೆ.

ಇಂದ್ರಮ್ಮ


ಮಂಡಪಂ
4 ಏಪ್ರಿಲ್ 1985

ಅತ್ತಿಗೆ,

ಇದನ್ನ ಮೊದಲ ಪತ್ರದಲ್ಲೇ ಬರೀಬೇಕಿತ್ತು. ಪಾರ್ಸೆಲ್ ಅಂತ ನೆಪ ಹೇಳಿದೆ.

ನೀವು ಮಾರಿದ್ದು ಕಲ್ಲಲ್ಲ. ಆ ಕೊಂಬೆ ಮೇಲಿನ ಒಂದೊಂದು ತೂತಲ್ಲೂ ಸಾಸಿವೆಯಷ್ಟು ಒಂದು ಜೀವ ಇತ್ತು. ನೀರೊಳಗೆ ಅದು ಬಿಳಿ ಇರಲ್ಲ. ಜೇನಿನ ಬಣ್ಣ, ಪಾಚಿ ಬಣ್ಣ, ತುದಿಯಲ್ಲಿ ನೇರಳೆ. ಕಿತ್ತು, ದಡದಲ್ಲಿ ಕೊಳೆಸಿ, ತೊಳೆದು ಒಣಗಿಸಿದ ಮೇಲೆ ಬಿಳಿ ಆಗೋದು. ನೀವು ಒರೆಸ್ತಿರೋದು ಅದರ ಮೂಳೆ.

ಇಲ್ಲಿ ಹಾರೆ ಹಾಕಿ ದಿಬ್ಬ ಕೀಳ್ತಾರೆ. ಹೆಚ್ಚಿನದು ಸುಣ್ಣದ ಗೂಡಿಗೆ, ಚೆಂದದ್ದು ಶೋಕೇಸಿಗೆ. ಒಂದು ಕಡೆ ಕಿತ್ತ ಜಾಗದಲ್ಲಿ ಇಳಿದಿದ್ದೆ. ಮನೆ ಬೀಳಿಸಿದ ನಿವೇಶನದ ಹಾಗೆ ಬರೀ ಚೂರು. ಹವಳದ ಸಂದಿಯಲ್ಲಿ ಬಚ್ಚಿಟ್ಟುಕೊಳ್ತಿದ್ದ ಮೀನು ಎಲ್ಲಿ ಹೋಗಬೇಕು ಅಂತ ತಿಳೀದೆ ಆ ಚೂರುಗಳ ಮೇಲೇ ಸುತ್ತುತ್ತಿತ್ತು. ದಿಬ್ಬ ಹೋದರೆ ಮೀನಿಲ್ಲ, ಅಲೆ ತಡೆಯೋಕೆ ಏನೂ ಇಲ್ಲ. ನಾನು ಅಳೆದು ಬರ್ಕೋಳ್ಳೋದು ಯಾಕೆ ಗೊತ್ತಾ? ಎಷ್ಟು ನಾಶವಾಗ್ತಿದೆ ಅಂತ ಸರ್ಕಾರಕ್ಕೆ ತೋರಿಸಿ ಇದನ್ನ ನಿಲ್ಲಿಸೋಕೆ. ಇಳಿದು ನೋಡಿದವರು ಹೇಳದಿದ್ರೆ ಮೇಲಿರೋರಿಗೆ ಹೇಗೆ ಗೊತ್ತಾಗುತ್ತೆ? ನಾನು ಇಲ್ಲಿ ಉಳಿಸಿ ಅಂತ ಬೇಡ್ತೀನಿ, ನನ್ನ ಮನೇಲೇ ಅದನ್ನ ಮೂಟೆಗಟ್ಟಲೆ ಮಾರ್ತಾರೆ.

ದಯವಿಟ್ಟು ನಿಲ್ಲಿಸಿ. ಅಣ್ಣನ ಸಂಬಳದಲ್ಲಿ ಮನೆ ನಡೆಯುತ್ತೆ. ಶೋಕಿಗೆ ಇಟ್ಟ ಅಂಗಡಿಗೋಸ್ಕರ ಇಷ್ಟು ಜೀವ ಯಾಕೆ?

ಶಂಭು


ಬೆಂಗಳೂರು
30 ಏಪ್ರಿಲ್ 1985

ಚಿರಂಜೀವಿ ಶಂಭುಲಿಂಗಪ್ಪನವರಿಗೆ,

ನಿಮ್ಮ ಪತ್ರ ತಲುಪಿತು. ವಿಷಯ ತಿಳಿಯಿತು. ಶೋಕಿಯ ಅಂಗಡಿಯನ್ನು ಹೇಗೆ ನಡೆಸಬೇಕೆಂಬುದು ನನಗೆ ಗೊತ್ತಿದೆ. ನಿಮ್ಮ ಅಣ್ಣನವರು ಕ್ಷೇಮವಾಗಿದ್ದಾರೆ. ಆರೋಗ್ಯ ನೋಡಿಕೊಳ್ಳುವುದು.

ಇಂದ್ರಮ್ಮ


ಮಂಡಪಂ
12 ಜೂನ್ 1985

ಅತ್ತಿಗೆ,

ನಿಮ್ಮ ಏಪ್ರಿಲ್ ಪತ್ರ ಬಂದಮೇಲೆ ಇದು ನಾನು ಬರೀತಿರೋ ಮೂರನೇ ಪತ್ರ. ಹಿಂದಿನೆರಡಕ್ಕೂ ಉತ್ತರ ಇಲ್ಲ.

ನನಗೆ ಏಳು ವರ್ಷ ಇದ್ದಾಗ ನೀವು ನಮ್ಮನೆಗೆ ಬಂದ್ರಿ. ಅವತ್ತಿಂದ ಇವತ್ತಿನವರೆಗೆ ನನ್ನನ್ನ ಕತ್ತೆ ಅಂದಿದೀರ, ಕೋತಿ ಅಂದಿದೀರ. ‘ನೀವು’ ಅಂದಿರಲಿಲ್ಲ. ನೀವು ಎರಡೇಟು ಹೊಡೆದಿದ್ರೆ ಇಷ್ಟು ನೋಯ್ತಿರಲಿಲ್ಲ. ನಾನು ಏನು ತಪ್ಪು ಬರೆದೆ ಅಂತ ನನಗೆ ಪೂರ್ತಿ ತಿಳೀತಿಲ್ಲ. ಹವಳದ ಬಗ್ಗೆ ಬರೆದದ್ದನ್ನ ವಾಪಸ್ ತಗೊಳ್ಳೋಕೆ ಆಗಲ್ಲ. ಬೇರೆ ಏನೇ ಇದ್ರೂ ವಾಪಸ್.

ಒಂದು ಸುದ್ದಿ ಹೇಳ್ತೀನಿ, ಕೋಪ ಇದ್ರೂ ಓದಿ. ಮೇ ತಿಂಗಳಲ್ಲಿ ಗಾಳಿ ಶುರುವಾದಾಗ ಯಾರದೋ ದೊಡ್ಡ ಬಲೆ ಹರಿದು ಬಂದು ದಿಬ್ಬಕ್ಕೆ ಸಿಕ್ಕಿಹಾಕಿಕೊಂಡಿತ್ತು. ಅಂಥ ಬಲೆ ಹಿಡಿಯೋರಿಲ್ಲದಿದ್ರೂ ಹಿಡೀತಾನೇ ಇರುತ್ತೆ. ಏಡಿ, ಮೀನು, ಆಮೆ, ಏನು ಬಂದ್ರೂ. ಅದನ್ನ ಬಿಡಿಸಿ ತರೋದೂ ನಮ್ಮಂಥ ಮುಳುಗುವವರ ಕೆಲಸ. ಎಳೆದರೆ ಹವಳ ಮುರಿಯುತ್ತೆ, ಒಂದೊಂದೇ ಗಂಟು ಕೊಯ್ದು ಬಿಡಿಸಬೇಕು.

ನಾನೂ ಮುನಿಯಾಂಡಿಯೂ ಹೋದಾಗ ಅದರಲ್ಲಿ ಒಂದು ಕಡಲಹಸು ಸಿಕ್ಕಿತ್ತು. ಎಮ್ಮೆಯಷ್ಟು ದೊಡ್ಡದು, ಕಡಲ ತಳದ ಹುಲ್ಲು ಮೇಯೋದು, ಮರಿಗೆ ಹಾಲು ಕೊಡೋದು. ನಮ್ಮ ಹಾಗೇ ಉಸಿರಿಗೆ ಮೇಲೆ ಬರಬೇಕು. ಬಲೆ ಬಾಲಕ್ಕೆ ಸುತ್ತಿ, ಮೂಗಿನ ತುದಿ ಮಾತ್ರ ನೀರಿನ ಮೇಲೆ ಬರ್ತಿತ್ತು. ಪಕ್ಕದಲ್ಲಿ ಮರಿ. ಮುನಿಯಾಂಡಿ ‘ಬೇಗ ಸಾರ್, ಬೇಗ’ ಅಂತ ಕೂಗ್ದ. ನಾನು ಇಳಿದು ಕೊಯ್ಯೋಕೆ ಶುರು ಮಾಡಿದೆ. ಅದು ಒದ್ದಾಡಿದ್ರೆ ನಾನೂ ಬಲೆಯೊಳಗೆ. ಒದ್ದಾಡಲಿಲ್ಲ. ಸಣ್ಣ ಕಣ್ಣು, ನನ್ನನ್ನೇ ನೋಡ್ತಿತ್ತು. ಕೊನೇ ಗಂಟು ಹೋದಾಗ ಒಂದು ಸಲ ಬಾಲ ಬೀಸಿತು, ಅಷ್ಟೆ, ತಾಯಿ ಮರಿ ಎರಡೂ ಇಲ್ಲ. ನೀರು ಬರೀ ಕೆಸರು. ಮುನಿಯಾಂಡಿ ಧುಮುಕಿ ನನ್ನನ್ನ ರಟ್ಟೆ ಹಿಡಿದು ದೋಣಿಗೆ ಎಳ್ಕೊಂಡ.

ಈಗ ಸ್ವಲ್ಪ ದಿನ ದಡದ ಕೆಲಸ. ನೆಗಡಿ ಬಿಟ್ಟರೆ ಬೇರೇನಿಲ್ಲ. ಒಂದು ಸಾಲಾದರೂ ಬರೀರಿ. ಕತ್ತೆ ಅಂತಲೇ ಬರೀರಿ.

ಶಂಭು


ರಾಜಾಜಿನಗರ
18 ಆಗಸ್ಟ್ 1985

ಕತ್ತೆ,

ಮೊದಲು ಇದನ್ನ ಓದು. ನಾನು ಹಿಂದೆ ಹೇಳಿಟ್ಟಿದ್ದ ಮೂಟೆ ಏಜೆಂಟ್ ಮೊನ್ನೆ ತಂದಿಳಿಸ್ದ. ನಿನ್ನ ಏಪ್ರಿಲ್ ಪತ್ರ ಬಂದಮೇಲೆ ಬೇಡ ಅಂತ ಹೇಳೋಣ ಅನ್ಕೊಂಡೆ, ಹೇಳಲಿಲ್ಲ. ಸಿಟ್ಟು ಒಂದು ಕಾರಣ. ಇನ್ನೊಂದು ಆಮೇಲೆ ಹೇಳ್ತೀನಿ. ಹುಲ್ಲು ಬಿಡಿಸಿ ಒಂದೊಂದೇ ತೆಗೀತಾ ಇದ್ದೆ. ಒಂದು ದೊಡ್ಡ ಕೊಂಬೆಯ ಬುಡದಲ್ಲಿ ಏನೋ ಗಟ್ಟಿಯಾಗಿ ಕೈಗೆ ಚುಚ್ಚಿತು. ಪಾಚಿ ಒಣಗಿ ಅಂಟಿತ್ತು. ಉಗುರಲ್ಲಿ ಕೆರೆದೆ. ತಂತಿ. ತಂತಿಗೆ ತಗಡಿನ ಬಿಲ್ಲೆ. ಬಿಲ್ಲೆ ಮೇಲೆ 27.

ನೀನು ಕಟ್ಟಿದ್ದು ಅಲ್ವಾ?

ನಾನು ಹಾಗೇ ನೆಲದ ಮೇಲೆ ಕೂತುಬಿಟ್ಟೆ. ನಿಮ್ಮಣ್ಣ ಗಾಬರಿಯಾಗಿ ‘ಏನೇ, ಚೇಳು ಕಡೀತಾ?’ ಅಂದ್ರು. ತೋರಿಸಿದೆ. ನೀನು ದಿನಾ ಹೋಗಿ ಮುಟ್ಟದೆ ನೋಡಿ ಬರ್ತಿದ್ದದ್ದು ನಮ್ಮನೆ ಹಜಾರದಲ್ಲಿ ಹುಲ್ಲಿನ ಮೇಲೆ ಬಿದ್ದಿತ್ತು.

ಏಜೆಂಟನ್ನ ಕರೆಸಿದೆ. ‘ಎಲ್ಲಿಂದ ತರ್ತೀಯ?’ ಅಂದೆ. ಬಾಯಿ ಬಿಡಲಿಲ್ಲ. ‘ಹೇಳದಿದ್ರೆ ಈ ರಸ್ತೇಲಿ ಯಾವ ಅಂಗಡಿಗೂ ನಿನ್ನ ಮೂಟೆ ಇಳಿಯದ ಹಾಗೆ ಮಾಡ್ತೀನಿ’ ಅಂದೆ. ಕೆಂಪು ಪಟ್ಟಿ ಬಳಿದ ದೋಣಿಯವನು ದ್ವೀಪದ ಹಿಂದಿನ ಕಡೆಯಿಂದ ತಂದುಕೊಡ್ತಾನಂತೆ. ಇಷ್ಟೇ ಗೊತ್ತಾದದ್ದು. ಮೂಟೆ ವಾಪಸ್ ಕಳಿಸಿದೆ. ನಂಬರಿನದ್ದನ್ನ ಮಾತ್ರ ಇಟ್ಕೊಂಡಿದೀನಿ, ಬೇಕಾದರೆ ಸಾಕ್ಷಿಗೆ. ಟೀವಿ ಮೇಲಿನದು ಈಗ ಕಪಾಟಿನಲ್ಲಿದೆ. ಮೂಳೆ ಅಂದೆಯಲ್ಲ, ಆಮೇಲೆ ಅದನ್ನ ನೋಡೋಕಾಗಲಿಲ್ಲ.

ಈಗ ಎರಡನೇ ಕಾರಣ. ನಿಮ್ಮಣ್ಣ ರಜೆ ಹಾಕಿಲ್ಲ ಶಂಭು. ಹೋದ ವರ್ಷ ದೀಪಾವಳಿಯಿಂದ ಫ್ಯಾಕ್ಟರಿಗೆ ಲಾಕೌಟ್. ಸಂಬಳ ಇಲ್ಲ. ನೀನು ಹೊಸದಾಗಿ ಕೆಲಸಕ್ಕೆ ಸೇರಿದ್ದೆ, ಕೇಳಿದ್ರೆ ನಿನ್ನ ಸಂಬಳ ಪೂರ್ತಿ ಕಳಿಸಿ ಉಪವಾಸ ಇರ್ತೀಯ ಅಂತ ಹೇಳಲಿಲ್ಲ. ಶೋಕಿ ಅಂದೆಯಲ್ಲ, ಆ ಶೋಕಿ ನಮ್ಮನ್ನ ಉಣ್ಣಿಸ್ತಿತ್ತು. ಸಾಕು, ಮುಗೀತು. ನಿನಗೆ ಗೊತ್ತಿರಲಿಲ್ಲ, ನಾನೂ ಹೇಳಿರಲಿಲ್ಲ.

ಇನ್ನೊಂದು. ಯಾರಿಗಾದರೂ ಮೇ ತಿಂಗಳಿಂದ ಜೂನ್ ತನಕ ನೆಗಡಿ ಇರುತ್ತೇನೋ? ಏನಾಗಿದೆ ನಿನಗೆ? ನಿಜ ಬರಿ.

ಇಂದ್ರಮ್ಮ


ಮಂಡಪಂ
1 ಸೆಪ್ಟೆಂಬರ್ 1985

ಅತ್ತಿಗೆ,

ಪತ್ರ ಓದಿ ಸಮುದ್ರದ ದಂಡೆಗೆ ಹೋಗಿ ಕೂತೆ. ಎಲ್ಲ ಒಟ್ಟಿಗೆ ಬಂತು. ಅಣ್ಣ ಕೆಲಸ ಇಲ್ಲದೆ ಮನೇಲಿದಾನೆ, ನೀವು ಅಂಗಡಿ ನಡೆಸಿ ಅವನನ್ನ ಸಂಭಾಳಿಸ್ತಿದೀರ. ನಾನು ಶೋಕಿ ಅಂತ ಬರೆದೆ. ಆ ಪದ ಬರೆದ ಕೈ ಕಡಿಯಬೇಕು. ಈ ತಿಂಗಳಿಂದ ಮನಿಯಾರ್ಡರ್ ಬರುತ್ತೆ. ವಾಪಸ್ ಕಳಿಸಿದ್ರೆ ನಾನೂ ನಿಮ್ಮನ್ನ ‘ಶ್ರೀಮತಿ ಇಂದ್ರಮ್ಮನವರಿಗೆ’ ಅಂತ ಬರೀತೀನಿ.

ನೆಗಡಿಯ ನಿಜ ಹೇಳ್ತೀನಿ. ನೆಗಡಿ ಇತ್ತು, ಅವತ್ತೇ ಇತ್ತು. ನೆಗಡಿ ಇದ್ದಾಗ ಇಳಿಯಬಾರದು. ಕಿವಿಗೆ ಗಾಳಿ ಹೋಗೋ ದಾರಿ ಕಟ್ಟಿರುತ್ತೆ. ಕಡಲಹಸು ನೋಡಿ ಮರೆತೆ. ಅವಸರದಲ್ಲಿ ಇಳಿದೆ, ಎಡಗಿವಿ ತಮಟೆ ಹರೀತು. ತಲೆ ಗಿರ್ ಅಂದು ಮೇಲೆ ಯಾವುದು ಕೆಳಗೆ ಯಾವುದು ತಿಳೀಲಿಲ್ಲ. ಮುನಿಯಾಂಡಿ ಎಳ್ಕೊಳ್ಳದಿದ್ರೆ ಈ ಪತ್ರ ಇರ್ತಿರಲಿಲ್ಲ. ಮಧುರೆಯ ಡಾಕ್ಟರು ವಾಸಿಯಾಗೋವರೆಗೆ ನೀರು ಮುಟ್ಟಬೇಡ ಅಂದಿದಾರೆ. ಮತ್ತೆ ಇಳಿಯೋಕಾಗುತ್ತಾ ಅಂತ ಕೇಳಿದ್ದಕ್ಕೆ ‘ನೋಡೋಣ’ ಅಂದ್ರು. ಆ ನೋಡೋಣ ನನಗೆ ಇಷ್ಟವಾಗಲಿಲ್ಲ.

ಇಪ್ಪತ್ತೇಳು ನಾನು ಮೊದಲು ನಂಬರ್ ಕಟ್ಟಿದ ಹವಳಗಳಲ್ಲಿ ಒಂದು. ಅದರ ಕೊಂಬೆಗಳೊಳಗೆ ಹಳದಿ ಪುಟ್ಟ ಮೀನಿನ ಹಿಂಡು ಇತ್ತು. ನಾನು ಹತ್ತಿರ ಹೋದರೆ ಎಲ್ಲ ಒಟ್ಟಿಗೆ ಒಳಗೆ, ಸರಿದರೆ ಎಲ್ಲ ಒಟ್ಟಿಗೆ ಹೊರಗೆ.

ಕೆಂಪು ಪಟ್ಟಿಯ ದೋಣಿ ಇಲ್ಲಿ ಒಂದೇ ಇರೋದು ಅತ್ತಿಗೆ. ಮುನಿಯಾಂಡಿಯದು. ಕೇಳಿದೆ. ತಲೆ ತಗ್ಗಿಸ್ದ, ಇಲ್ಲ ಅನ್ನಲಿಲ್ಲ. ನೀರು ಕಲಕಿತ್ತು, ಬಿಲ್ಲೆ ಕಾಣಲಿಲ್ಲ ಅಂದ. ನಾನು ನೇರವಾಗಿ ಕೇಂದ್ರದ ಡೈರೆಕ್ಟರ ಹತ್ತಿರ ಹೋಗಿ ಹೇಳಿದೆ. ಅವನನ್ನ ಕೆಲಸದಿಂದ ಬಿಡಿಸಿದ್ರು. ನಂಬಿದವನೇ ಹೀಗೆ ಮಾಡಿದ್ರೆ ಇನ್ಯಾರನ್ನ ನಂಬಲಿ?

ಶಂಭು


ರಾಜಾಜಿನಗರ
19 ಸೆಪ್ಟೆಂಬರ್ 1985

ಶಂಭು,

ನಿನ್ನ ಕಿವಿಯ ವಿಷಯ ಓದಿ ನಿಮ್ಮಣ್ಣ ಅಂಗಡಿ ಮುಚ್ಚಿ ಮಲಗಿಬಿಟ್ರು. ನಾನು ಅತ್ತೆ. ಅತ್ತಾದ ಮೇಲೆ ನಿನ್ನ ಪತ್ರದ ಕೊನೇ ಭಾಗ ಮತ್ತೆ ಓದಿದೆ. ಆಗ ಸಿಟ್ಟು ಬಂತು.

ಕೇಳೋ. ನಿನಗೆ ಕಿವಿ ಹರೀತು, ನೀನು ದಡದಲ್ಲಿ ಕೂತೆ. ಆದರೂ ಸಂಬಳ ಬಂತು. ನೀನು ಇಳಿಯದಿದ್ರೆ ದೋಣಿಗೆ ಕೆಲಸ ಉಂಟಾ? ದೋಣಿಗೆ ಕೆಲಸ ಇಲ್ಲದ ದಿನ ಮುನಿಯಾಂಡಿಗೆ ಕೂಲಿ ಉಂಟಾ? ಕೇಳಿದೀಯಾ ಅವನನ್ನ? ನಮಗೂ ಸಂಬಳ ನಿಂತಾಗ ನಾನು ಏನು ಮಾರ್ತಿದೀನಿ ಅಂತ ನೋಡಲಿಲ್ಲ, ಬೀಗ ತೆಗೆದು ಮಾರಿದೆ. ಅವನು ಕಿತ್ತ, ನಾನು ಮಾರಿದೆ. ಒಂದೇ ಹವಳದ ಎರಡು ತುದೀಲಿ ನಾವಿಬ್ರೂ ಇದ್ವಿ. ನನ್ನ ಹತ್ರ ‘ಬರೆದ ಕೈ ಕಡಿಯಬೇಕು’ ಅಂತ ಕ್ಷಮೆ ಬೇಡ್ಕೋತೀಯ, ಅವನಿಗೆ ಕೆಲಸ ಕಿತ್ಕೋತೀಯ. ನಾನು ಅತ್ತಿಗೆ, ಅವನು ದೋಣಿಯವನು, ಅದಕ್ಕಾ? ನಿನ್ನ ರಟ್ಟೆ ಹಿಡಿದು ಎಳ್ಕೊಂಡೋನು ಅವನೇ.

ಅವನ ಮನೆಗೆ ಹೋಗು.

ಇಂದ್ರಮ್ಮ


ಮಂಡಪಂ
8 ಅಕ್ಟೋಬರ್ 1985

ಅತ್ತಿಗೆ,

ಹೋದೆ. ಬಾಗಿಲು ತೆಗೀಲಿಲ್ಲ. ಮಾರನೇ ದಿನ ಹೋದೆ. ಅವನ ಹೆಂಡತಿ ‘ಮನೇಲಿಲ್ಲ’ ಅಂದಳು. ಅವನ ಕೆಮ್ಮು ಒಳಗಿಂದ ಕೇಳಿಸ್ತಿತ್ತು.

ಏನು ಮಾಡಬೇಕು ತಿಳೀತಿಲ್ಲ.

ಶಂಭು


ರಾಜಾಜಿನಗರ
6 ಫೆಬ್ರವರಿ 1986

ಶಂಭು,

ನಿನ್ನ ನೋಡೋಕೆ ಮಂಡಪಂಗೆ ಬಂದಿದ್ದ ನಾವಿಬ್ರೂ ಸುಖವಾಗಿ ಮನೆ ಸೇರಿದ್ವಿ. ರೈಲಿನಲ್ಲಿ ನಿಮ್ಮಣ್ಣ ದಾರಿಯುದ್ದಕ್ಕೂ ಎದುರು ಸೀಟಿನವರಿಗೆ ಕಡಲಹಸುವಿನ ಕಥೆ ಹೇಳಿದ್ರು. ಮಧುರೆ ಹೊತ್ತಿಗೆ ಎಮ್ಮೆಯಷ್ಟಿದ್ದದ್ದು ಸೇಲಂ ಹೊತ್ತಿಗೆ ಆನೆ ಆಗಿತ್ತು. ಲಾಕೌಟ್ ತೆಗೆದಿದಾರೆ, ಸೋಮವಾರದಿಂದ ಡ್ಯೂಟಿ. ಹಳೇ ಊಟದ ಡಬ್ಬಿ ತೊಳೆದಿಡುವಾಗ ನನಗೆ ಕುಣಿಯೋ ಹಾಗಾಯ್ತು.

ಅಲ್ಲಿ ಎಲ್ಲರೆದುರಿಗೆ ಹೇಳೋಕಾಗದ್ದು ಈಗ ಹೇಳ್ತೀನಿ. ನೀನು ಕೇಂದ್ರಕ್ಕೆ ಹೋಗಿದ್ದಾಗ ನಾನೊಬ್ಬಳೇ ಮುನಿಯಾಂಡಿ ಮನೆಗೆ ಹೋಗಿದ್ದೆ. ನಮ್ಮ ಬೀದಿಯ ತಮಿಳು ಎಷ್ಟು ಬರುತ್ತೋ ಅಷ್ಟರಲ್ಲೇ ಅವನ ಹೆಂಡತಿ ಹತ್ರ ಮಾತಾಡಿದೆ. ‘ನಾನು ಶಂಭು ಸಾರ್ ಅತ್ತಿಗೆ. ನಿನ್ನ ಗಂಡ ಕಿತ್ತ ಕಲ್ಲು ಮಾರಿದೋಳು ನಾನೇ’ ಅಂದೆ. ಅವಳು ನೋಡಿದಳು, ನೋಡಿದಳು, ಆಮೇಲೆ ಕೂತ್ಕೋ ಅಂತ ಚಾಪೆ ಹಾಸಿದಳು. ಆಗ ಅವನೂ ಹೊರಗೆ ಬಂದ.

‘ಕೀಳಬೇಡ ಅಂತಾರಮ್ಮ. ಸರಿ. ಕೀಳದೆ ಏನು ಮಾಡಲಿ ಅಂತ ಕೇಳಿದ್ರೆ ಯಾರೂ ಮಾತಾಡಲ್ಲ’ ಅಂದ. ‘ನಮ್ಮಪ್ಪನ ಕಾಲದಲ್ಲಿ ದಿಬ್ಬದ ಮೇಲೆ ಬಲೆ ಬೀಸಿದ್ರೆ ಮೀನಿನ ಭಾರಕ್ಕೆ ಎತ್ತೋಕಾಗ್ತಿರಲಿಲ್ಲ. ನಾವೇ ಕಿತ್ತು ಕಿತ್ತು ಹೀಗಾಯ್ತು ಅಂತ ನನಗೆ ಗೊತ್ತಿಲ್ವಾ?’

ಅದಕ್ಕೇ ಸಂಜೆ ನಿನ್ನ ತಲೆ ತಿಂದದ್ದು, ಡೈರೆಕ್ಟರ ಹತ್ರ ಮತ್ತೆ ಹೋಗು ಅಂತ. ಬಲೆ ಬಿಡಿಸೋಕೆ, ಅದೇನು ನೀನು ಹೇಳಿದೆಯಲ್ಲ, ದೋಣಿಗಳು ಹವಳದ ಮೇಲೆ ಲಂಗರು ಹಾಕದ ಹಾಗೆ ತೇಲೋ ಬುರುಡೆ ಕಟ್ಟೋಕೆ, ಜನ ಬೇಕು ತಾನೇ? ಬೇರೆ ಊರಿಂದ ಕರೆಸೋ ಬದಲು ಕೀಳೋರನ್ನೇ ಕಾಯೋಕೆ ಇಟ್ಕೊಳ್ಳಿ ಅಂತ. ನೀನು ಹೋದೆ, ಕೇಳಿದೆ, ಅವರು ಒಪ್ಪಿದ್ರು. ಅವತ್ತು ನೀನೂ ಅವನೂ ದಂಡೆ ಮೇಲೆ ಒಬ್ರ ಮುಖ ಒಬ್ರು ನೋಡದೆ ಒಂದೇ ಬೀಡಿಯ ಹೊಗೇಲಿ ಅಷ್ಟು ಹೊತ್ತು ಕೂತಿದ್ರಲ್ಲ, ನಾನು ದೂರದಿಂದ ನೋಡ್ತಿದ್ದೆ. ಬೀಡಿ ಅವನದು ಅಂತಲೇ ಅನ್ಕೊಂಡಿದೀನಿ.

ದೋಣೀಲಿ ನಾನು ಮಾಡ್ಕೊಂಡ ವಾಂತಿ ಬಗ್ಗೆ ಯಾರಿಗೂ ಹೇಳಬೇಡ. ಜಂಬಣ್ಣ ಮಾಡಿಕೊಟ್ಟ ಗಾಜಿನ ತಳದ ಡಬ್ಬ ನೀರಿಗೆ ಒತ್ತಿ ಹಿಡಿದು ಮುಖ ಇಟ್ಟೆನಲ್ಲ, ಆಗ ನೀವಿಬ್ರೂ ‘ಏನು ಕಾಣ್ತಿದೆ’ ಅಂತ ಕೇಳ್ತಾನೇ ಇದ್ರಿ. ನಾನು ಹೇಳಲಿಲ್ಲ. ಹೇಳಿದ್ರೆ ಅಳು ಬರ್ತಿತ್ತು. ನೀರಿನ ಕೆಳಗಿರೋದು ಗಡಿಬಿಡಿ ಇಲ್ಲದ ಊರು ಕಣೋ. ಕೆಲಸ ಇಲ್ಲದೋರು ಯಾರೂ ಇಲ್ಲ, ಅವಸರದಲ್ಲಿರೋರೂ ಯಾರೂ ಇಲ್ಲ.

ಅಂಗಡಿಗೆ ಮಾಗಡಿ ರಸ್ತೆ ಕುಂಬಾರರ ಹತ್ರ ಮಣ್ಣಿನ ಗೂಡು ಮಾಡಿಸ್ತಿದೀನಿ, ಕೊಂಬೆಕೊಂಬೆ ಥರ. ಮೊದಲ ಸಲದ್ದು ಬದನೆಕಾಯಿ ಥರ ಬಂತು. ಆದರೂ ಮೀನು ಅದರೊಳಗೆ ಹೋಗಿ ಕೂತ್ಕೋತು. ಗಿರಾಕಿಗಳು ಹಳೇದು ಕೇಳ್ತಾರೆ. ಇಲ್ಲ ಅಂತೀನಿ. ಯಾಕೆ ಅಂದೋರಿಗೆ ಕೂರಿಸಿ ಹೇಳ್ತೀನಿ. ಕೆಲವರು ಕೇಳ್ತಾರೆ, ಕೆಲವರು ಬೇರೆ ಅಂಗಡಿಗೆ ಹೋಗ್ತಾರೆ.

ಇಂದ್ರಮ್ಮ


ಮಂಡಪಂ
26 ಅಕ್ಟೋಬರ್ 1986

ಅತ್ತಿಗೆ,

ಎರಡು ಸುದ್ದಿ. ಈ ದ್ವೀಪಗಳನ್ನೂ ಸುತ್ತಲ ಸಮುದ್ರವನ್ನೂ ಸೇರಿಸಿ ಸರ್ಕಾರ ಕಡಲ ರಾಷ್ಟ್ರೀಯ ಉದ್ಯಾನ ಅಂತ ಘೋಷಣೆ ಮಾಡಿದೆ. ಇನ್ನು ಇಲ್ಲಿ ಹವಳ ಕೀಳೋ ಹಾಗಿಲ್ಲ. ಕಾಗದದ ಮೇಲಿನ ಮಾತು ನೀರಿನ ಕೆಳಗೆ ಇಳಿಯೋಕೆ ಇನ್ನೂ ಎಷ್ಟು ವರ್ಷ ಬೇಕೋ. ಕದ್ದು ಕೀಳೋರು ಇದಾರೆ. ಆದರೂ.

ಎರಡನೇದು, ಡಾಕ್ಟರು ಒಪ್ಪಿದ್ರು. ಆಳ ಬೇಡ, ನೆಗಡಿ ಇದ್ದರೆ ನೀರಿನ ಕಡೆ ತಲೆ ಹಾಕಿಯೂ ಮಲಗಬೇಡ ಅಂದಿದಾರೆ. ನಿನ್ನೆ ಇಳಿದೆ. ಹೆದರಿಕೆ ಆಯ್ತು ಅತ್ತಿಗೆ, ನಿಜ ಹೇಳ್ತೀನಿ. ಏಣಿ ಹಿಡ್ಕೊಂಡು ಮಗು ಥರ ನಿಂತಿದ್ದೆ. ಮುನಿಯಾಂಡಿ ತನ್ನ ಪಾಡಿಗೆ ತಾನು ನೀರಿಗೆ ಇಳಿದು, ಸಿಲಿಂಡರ್ ಇಲ್ಲದೆ, ಬರೀ ಮೈಯಲ್ಲಿ, ತಲೆ ನೀರಿನ ಮೇಲಿಟ್ಟು ನನ್ನ ಪಕ್ಕ ತೇಲ್ತಾ ಇದ್ದ. ‘ಸಾರ್, ನಿಧಾನ. ಇವತ್ತು ಯಾವ ಹಸುವೂ ಕಾಯ್ತಾ ಇಲ್ಲ’ ಅಂದ. ನಗು ಬಂತು, ಬಾಯೊಳಗೆ ಉಪ್ಪುನೀರು ಹೋಯ್ತು, ಆಮೇಲೆ ಇಳೀತಾ ಇಳೀತಾ ಕಿವಿ ತಾನಾಗೇ ತೆರೀತು.

ಇಬ್ಬರೂ ಸೇರಿ ತೇಲೋ ಬುರುಡೆಯ ಹಗ್ಗ ಬಿಗಿ ಮಾಡಿ ಬಂದ್ವಿ. ಅವನ ಓಣಿಯ ಇನ್ನೂ ಕೆಲವರು ಈ ಕೆಲಸಕ್ಕೆ ಬರ್ತಾರೆ. ಕೆಲವರು ಅವನ ಜೊತೆ ಮಾತು ಬಿಟ್ಟಿದಾರೆ. ಸಂಜೆ ನಾನು ಅವರ ಮನೆಗೆ ಹೋಗಿ ಕೂತ್ಕೋತೀನಿ. ಅವನ ಹೆಂಡತಿ ನನಗೋಸ್ಕರ ಬೇರೆ ಪಾತ್ರೇಲಿ ಹುಳಿ ಅನ್ನ ಮಾಡ್ತಾಳೆ. ನೀವು ಹೇಳಿಕೊಟ್ಟಿದ್ದು ಅಂತ ಅವಳು ಬಾಯಿ ಬಿಟ್ಟಳು.

ನಿಮ್ಮ ಶಂಭು


ರಾಜಾಜಿನಗರ
23 ನವೆಂಬರ್ 1986

ಶಂಭು,

ನೀನು ಮತ್ತೆ ಇಳಿದೆ ಅಂತ ಓದಿದಾಗ ಖುಷಿಯಾಯ್ತೋ ಭಯವಾಯ್ತೋ ನನಗೇ ತಿಳೀಲಿಲ್ಲ. ಪತ್ರ ಮಡಿಸಿ ಸೆರಗಿನಲ್ಲಿ ಕಟ್ಕೊಂಡು ದಿನವೆಲ್ಲ ಓಡಾಡಿದೆ.

ಒಂದು ವಿಷಯ ನಿನ್ನಿಂದ ಮುಚ್ಚಿಟ್ಟಿದ್ದೆ. ಗಾಬರಿ ಬೇಡ, ಒಳ್ಳೇದೇ. ಬೇಸಿಗೆಯಿಂದ ಪ್ರತಿ ಭಾನುವಾರ ಕೆಂಗೇರಿಗೆ ತೌರುಮನೆಗೆ ಹೋಗ್ತಿದೀನಿ. ಅಲ್ಲಿ ತೋಟದಲ್ಲಿ ಮೆಟ್ಟಿಲು ಬಾವಿ ಇದೆ. ಪಾಪಮ್ಮನ ಮಗಳ ಹಳೇ ಚೂಡಿದಾರ್ ಇಸ್ಕೊಂಡಿದೀನಿ, ಈ ವಯಸ್ಸಲ್ಲಿ! ಸೊಂಟಕ್ಕೆ ಹಗ್ಗ ಕಟ್ಕೊಂಡು, ಬೆನ್ನಿಗೆ ಸೋರೆಬುರುಡೆ ಕಟ್ಕೊಂಡು, ಈಜು ಕಲೀತಿದೀನಿ. ಹಗ್ಗದ ಆ ಕಡೆ ನಿಮ್ಮಣ್ಣ. ಮೊದಮೊದಲು ನಮ್ಮ ಅತ್ತಿಗೆಯಂದಿರು ಬಾವಿ ಕಟ್ಟೆ ಮೇಲೆ ಕೂತು ಸಿನಿಮಾ ನೋಡೋ ಹಾಗೆ ನೋಡಿ ನಗ್ತಿದ್ರು. ಕುಡಿದ ನೀರಿನ ಲೆಕ್ಕ ಇಟ್ಟಿದ್ರೆ ಬಾವಿ ಬತ್ತಿರಬೇಕು. ದೀಪಾವಳಿ ಹೊತ್ತಿಗೆ ಬುರುಡೆ ಬಿಚ್ಚಿದೆ.

ಹೋದ ಭಾನುವಾರ ಈ ಗೋಡೆಯಿಂದ ಆ ಗೋಡೆಗೆ ಹೊರಟೆ. ಮಧ್ಯದಲ್ಲಿ ಸುಸ್ತಾಯ್ತು. ‘ಏನ್ರೀ, ಗಟ್ಟಿಯಾಗಿ ಹಿಡ್ಕೊಂಡಿದೀರಾ?’ ಅಂತ ಕೂಗಿದೆ. ‘ಹಿಡ್ಕೊಂಡಿದೀನಿ, ನೀನು ಹೊಡಿ ಕೈ’ ಅಂದ್ರು. ಹೊಡೆದೆ. ಆ ಕಡೆ ಕಲ್ಲು ಮುಟ್ಟಿ, ಉಸಿರು ತಗೊಂಡು, ತಿರುಗಿ ನೋಡಿದೆ. ಹಗ್ಗ ಪೂರ್ತಿ ನೀರಿನ ಮೇಲೆ ಹಾವಿನ ಥರ ತೇಲ್ತಾ ಇತ್ತು. ನಿಮ್ಮಣ್ಣ ಮೆಟ್ಟಿಲ ಮೇಲೆ ಎರಡೂ ಕೈ ಕಟ್ಕೊಂಡು ನಿಂತಿದ್ರು.

ಮಾರ್ಚಿಗೆ ಬರ್ತೀನಿ. ಮುನಿಯಾಂಡಿಗೆ ಹೇಳಿರು. ಈ ಸಲ ದೋಣಿ ಮೇಲೆ ಡಬ್ಬ ಹಿಡ್ಕೊಂಡು ಕೂರೋಳಲ್ಲ.

ಇಂದ್ರಮ್ಮ